ಮೂಕಿ ಹಾಸ್ಯಚಿತ್ರವನ್ನು ಅದರ ನಡಿಗೆಯಲ್ಲೇ ತೋರಿಸಿ

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರ, ಗಣೇಶೋತ್ಸವದ ಪೆಂಡಾಲು, ಅಪಾರ್ಟ್‌ಮೆಂಟಿನ ತಾರಸಿ, ಕಾಲೇಜಿನ ಸಿನಿಮಾ ಕೂಟ, ಹೀಗೆ ಬೆಂಗಳೂರಿನಲ್ಲಿ ಮೂಕಿ ಹಾಸ್ಯಚಿತ್ರ ಹಾಕುವವರು ಈಗಲೂ ಇದ್ದಾರೆ. ಭಾಷೆಯ ತೊಡಕಿಲ್ಲ, ಮೊಮ್ಮಕ್ಕಳೂ ಅಜ್ಜಿಯೂ ಒಟ್ಟಿಗೆ ಕೂತು ನಗಬಹುದು, ಖರ್ಚೂ ಕಡಿಮೆ. ಇದು ಸಂತೋಷದ ವಿಷಯ. ಆದರೆ ಬಹಳ ಕಡೆ ತೆರೆಯ ಮೇಲೆ ಬರುವುದು ಆ ಚಿತ್ರವಲ್ಲ, ಅದರ ಅಣಕ. ಜನ ಕೀಲುಗೊಂಬೆಗಳ ಹಾಗೆ ಪಟಪಟ ಓಡಾಡುತ್ತಾರೆ. ತಲೆ ಒಂದು ಕಡೆ, ಪಾದ ಇನ್ನೊಂದು ಕಡೆ ತೆರೆಯಿಂದ ಹೊರಗಿರುತ್ತವೆ. ಹಿಂದೆ ಪಿಯಾನೊ ಒಂದೇ ಸಮನೆ ಕುಟ್ಟುತ್ತಿರುತ್ತದೆ. 'ಆಗಿನ ಕ್ಯಾಮೆರಾನೇ ಹಾಗಿತ್ತು' ಎಂಬ ಸಮಜಾಯಿಷಿಯನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಕ್ಯಾಮೆರಾದ ತಪ್ಪಲ್ಲ, ಈಗ ತೋರಿಸುವವರ ತಪ್ಪು. ಒಂದು ಸಂಜೆಯ ಸಿದ್ಧತೆಯಲ್ಲಿ ಅದನ್ನು ಸರಿಪಡಿಸಬಹುದು. ಹೇಗೆ ಎಂದು ತಿಳಿಸುವುದಕ್ಕಾಗಿಯೇ ಈ ಪತ್ರ, ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ಮೊದಲು ವೇಗದ ವಿಷಯ. ಟಾಕಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್, ಎಂದರೆ 24 ಬಿಡಿ ಚಿತ್ರ, ಎಂಬ ಲೆಕ್ಕ ಎಲ್ಲ ಕಡೆ ನಿಂತಿತು. ಧ್ವನಿಪಟ್ಟಿ ಒಂದೇ ವೇಗದಲ್ಲಿ ಹರಿಯದಿದ್ದರೆ ಹಾಡಿನ ಶ್ರುತಿಯೇ ಕೆಟ್ಟುಹೋಗುತ್ತದೆ, ಹಾಗಾಗಿ ಈ ಕಟ್ಟುಪಾಡು ಅನಿವಾರ್ಯವಾಯಿತು. ಮೂಕಿಗೆ ಅದು ಇರಲಿಲ್ಲ. ಕ್ಯಾಮೆರಾಮನ್ ಕೈಯಿಂದ ಹಿಡಿಕೆ ತಿರುಗಿಸುತ್ತಿದ್ದ. ಒಂದು ಸುತ್ತಿಗೆ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು, ಅಲ್ಲಿಗೆ 16. ಇದು ಪುಸ್ತಕದ ಲೆಕ್ಕ. ರೂಢಿಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು. 1910ರ ದಶಕದ ನಡುವಿನ ಚಿತ್ರಗಳು 16ರಿಂದ 18ರ ಆಸುಪಾಸಿನಲ್ಲಿ ಸಹಜವಾಗಿ ಕಾಣುತ್ತವೆ. 1920ರ ದಶಕದ ಮೊದಲರ್ಧದವಕ್ಕೆ 18ರಿಂದ 22 ಬೇಕು, ದಶಕದ ಕೊನೆಯವಕ್ಕೆ 22ರಿಂದ 24. ಆದ್ದರಿಂದ 'ಮೂಕಿ ಎಂದರೆ 16' ಎಂದು ಎಲ್ಲವನ್ನೂ ಒಂದೇ ಕೋಲಿನಿಂದ ಅಳೆದರೆ ಅದೂ ತಪ್ಪೇ. 1928ರ ಚಿತ್ರವನ್ನು 16ರಲ್ಲಿ ತೋರಿಸಿದರೆ ಪಾತ್ರಗಳು ನೀರಿನಲ್ಲಿ ನಡೆದಂತೆ ಕಾಣುತ್ತವೆ, ನಗು ಹುಟ್ಟುವುದೇ ಇಲ್ಲ.

ವೇಗ ಬದಲಾದರೆ ಅವಧಿ ಎಷ್ಟು ಬದಲಾಗುತ್ತದೆ ನೋಡಿ. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. 6,000 ಅಡಿಯ ಚಿತ್ರದಲ್ಲಿ 96,000 ಫ್ರೇಮ್. 16ರ ವೇಗದಲ್ಲಿ ಅದು 100 ನಿಮಿಷ ಓಡುತ್ತದೆ, 18ರಲ್ಲಿ ಸುಮಾರು 89, 20ರಲ್ಲಿ 80, 24ರಲ್ಲಿ 67 ನಿಮಿಷಕ್ಕೆ ಸ್ವಲ್ಪ ಕಡಿಮೆ. ಅದೇ ಚಿತ್ರ, ಒಂದು ಫ್ರೇಮೂ ಕತ್ತರಿಸಿಲ್ಲ, ಅರ್ಧ ಗಂಟೆಗೂ ಹೆಚ್ಚು ವ್ಯತ್ಯಾಸ. ಯಾವುದಾದರೂ ಪ್ರತಿಯ ಅಡಿಲೆಕ್ಕ ನಿಮಗೆ ಸಿಕ್ಕಿದರೆ, ಅದನ್ನು 16ರಿಂದ ಗುಣಿಸಿ, ಕೈಯಲ್ಲಿರುವ ಫೈಲಿನ ಒಟ್ಟು ಸೆಕೆಂಡಿನಿಂದ ಭಾಗಿಸಿ. ಆ ಫೈಲು ಯಾವ ವೇಗದಲ್ಲಿ ಓಡುತ್ತಿದೆ ಎಂಬುದು ಗೊತ್ತಾಗುತ್ತದೆ.

ಪೂರ್ಣಾವಧಿಯ ಹಾಸ್ಯಚಿತ್ರಕ್ಕೆ ಈ ವ್ಯತ್ಯಾಸ ಯಾಕೆ ಮಾರಕ ಎಂಬುದನ್ನು ಹೇಳಲೇಬೇಕು. 1914ರ ಕೊನೆಯಲ್ಲಿ ನಿರ್ದೇಶಕ ಮ್ಯಾಕ್ ಸೆನೆಟ್ ಆರು ರೀಲಿನ (ಫಿಲ್ಮ್ ಸುರುಳಿಯ) 'ಟಿಲ್ಲೀಸ್ ಪಂಕ್ಚರ್ಡ್ ರೊಮ್ಯಾನ್ಸ್' ತೆಗೆಯುವವರೆಗೆ ಅಮೆರಿಕದ ಹಾಸ್ಯಚಿತ್ರ ಎಂದರೆ ಒಂದು ಅಥವಾ ಎರಡು ರೀಲು. ಅಟ್ಟಿಸಿಕೊಂಡು ಓಡು, ಬೀಳು, ಮುಗಿಯಿತು. ಅಲ್ಲಿ ವೇಗ ಸ್ವಲ್ಪ ಹೆಚ್ಚಾದರೂ ಹೇಗೋ ನಡೆಯುತ್ತದೆ. ಒಂದು ಗಂಟೆಗೂ ಮೀರಿ ಜನರನ್ನು ಕೂರಿಸಬೇಕಾದರೆ ಓಟ ಸಾಲದು, ನಿಲ್ಲುವುದೂ ಬೇಕು. ಚಾಪ್ಲಿನ್ ಅವರ 1921ರ 'ದಿ ಕಿಡ್' ಚಿತ್ರದಲ್ಲಿ ಅನಾಥಾಲಯದವರು ಹುಡುಗನನ್ನು ಲಾರಿಗೆ ಹತ್ತಿಸಿಕೊಂಡು ಹೋಗುತ್ತಾರೆ. ಹುಡುಗ ಎರಡೂ ಕೈ ಚಾಚಿ ಅಳುತ್ತಾನೆ. ಸಾಕಿದವನು ಮಾಡಿನಿಂದ ಮಾಡಿಗೆ ಹಾರಿಕೊಂಡು ಬಂದು ಅವನನ್ನು ಬಿಡಿಸಿಕೊಂಡು ಅಪ್ಪಿಕೊಳ್ಳುತ್ತಾನೆ. ಸರಿಯಾದ ವೇಗದಲ್ಲಿ ಈ ದೃಶ್ಯಕ್ಕೆ ಸಭೆ ಮೌನವಾಗುತ್ತದೆ. ನಾಲ್ಕನೇ ಒಂದು ಪಾಲು ವೇಗ ಹೆಚ್ಚಾದರೆ ಆ ಅಪ್ಪುಗೆ ಕುಸ್ತಿಯಂತೆ ಕಾಣುತ್ತದೆ, ಮಗುವಿನ ಅಳುವಿಗೆ ಮಕ್ಕಳು ನಗುತ್ತಾರೆ. ಆ ನಗು ಆ ಚಿತ್ರಕ್ಕೆ ಸಲ್ಲುವಂಥದ್ದಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹಾಸ್ಯಚಿತ್ರದವರು ಬೇಕೆಂದೇ ಕೆಲವು ದೃಶ್ಯಗಳಲ್ಲಿ ಹಿಡಿಕೆಯನ್ನು ನಿಧಾನ ತಿರುಗಿಸುತ್ತಿದ್ದರು. ಸೆಕೆಂಡಿಗೆ 12 ಅಥವಾ 14 ಫ್ರೇಮ್ ಹಿಡಿದು 20ರಲ್ಲಿ ತೋರಿಸಿದರೆ ಕಾರು ಹಾರಿದಂತೆ ಓಡುತ್ತದೆ. ಹಾಗಾದರೆ ಯಾವ ವೇಗ ಬೇಕೆಂದೇ ಮಾಡಿದ್ದು, ಯಾವುದು ನಾವು ಕೆಡಿಸಿದ್ದು? ಅಟ್ಟಾಟದ ದೃಶ್ಯ ನೋಡಿ ವೇಗ ನಿರ್ಧರಿಸಬೇಡಿ. ಸುಮ್ಮನೆ ಕೂತು ಊಟ ಮಾಡುವ, ಕಾಗದ ಓದುವ, ಬಾಗಿಲು ದಾಟಿ ಒಳಗೆ ಬರುವ ದೃಶ್ಯಗಳನ್ನು ಆರಿಸಿಕೊಳ್ಳಿ. ಅವು ಸಹಜವಾಗಿ ಕಾಣುವ ವೇಗಕ್ಕೆ ಕಟ್ಟಿದರೆ ಅಟ್ಟಾಟ ತನ್ನಷ್ಟಕ್ಕೆ ತಾನೇ ಬೇಕಾದಷ್ಟು ಚುರುಕಾಗುತ್ತದೆ. ಅಟ್ಟಾಟವನ್ನೇ ಸಹಜ ಮಾಡಲು ಹೋದರೆ ಉಳಿದ ಚಿತ್ರವೆಲ್ಲ ತೂಕಡಿಸುತ್ತದೆ.

ನಟರ ನಡಿಗೆಯನ್ನಷ್ಟೇ ನಂಬಬೇಡಿ, ಅವರು ವಿಚಿತ್ರವಾಗಿ ನಡೆಯುವುದಕ್ಕೇ ಸಂಬಳ ಪಡೆದವರು. ಹಿಂದೆ ರಸ್ತೆಯಲ್ಲಿ ಹೋಗುವ ದಾರಿಹೋಕರನ್ನು ನೋಡಿ. ಲಂಗದ ಅಂಚು, ಹೊಗೆ, ಸುರಿಯುವ ನೀರು, ಗಾಳಿಗೆ ಏಳುವ ಧೂಳು ನೋಡಿ. ಇವಕ್ಕೆ ನಟನೆ ಗೊತ್ತಿಲ್ಲ. ಕೆಳಗೆ ಬೀಳುವ ವಸ್ತು ಎಲ್ಲಕ್ಕಿಂತ ಒಳ್ಳೆಯ ಅಳತೆಗೋಲು. ಸುಮಾರು 5 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟಲು ಒಂದು ಸೆಕೆಂಡು ಬೇಕು. ಒಂದೂವರೆ ಮಹಡಿ ಎತ್ತರದಿಂದ ಬಿದ್ದ ಹೂಕುಂಡ ಮುಕ್ಕಾಲು ಸೆಕೆಂಡಿನಲ್ಲೇ ಒಡೆದರೆ, 18ರಲ್ಲಿ ಹಿಡಿದದ್ದನ್ನು 24ರಲ್ಲಿ ತೋರಿಸುತ್ತಿದ್ದೀರಿ ಎಂದು ತಿಳಿಯಿರಿ.

ಬಸ್ಟರ್ ಕೀಟನ್ ಅವರ 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದ ಬಿರುಗಾಳಿಯಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಅವರ ಮೇಲೆ ಮಗುಚಿಬೀಳುತ್ತದೆ. ಅಟ್ಟದ ಕಿಟಕಿ ಸರಿಯಾಗಿ ಅವರ ತಲೆಯ ಮೇಲೆ ಬಂದು, ಅವರು ಕಿಟಕಿಯ ಕಂಡಿಯೊಳಗೆ ನಿಂತೇ ಉಳಿಯುತ್ತಾರೆ. ಗೋಡೆ ನಿಜವಾದದ್ದು, ಟನ್‌ಗಟ್ಟಲೆ ತೂಕ, ಎರಡು ಪಕ್ಕ ಉಳಿದ ಜಾಗ ಕೆಲವೇ ಇಂಚು. ಬುಡದಲ್ಲಿ ಕೀಲು ಇರುವ ಗೋಡೆ ಬೀಳುವಾಗ ಮೊದಲು ಮೆಲ್ಲಗೆ ವಾಲುತ್ತದೆ, ಆಮೇಲೆ ರಭಸ ಹಿಡಿಯುತ್ತದೆ. ಆ ಮೊದಲ ವಾಲುವಿಕೆಯಲ್ಲೇ ಪ್ರೇಕ್ಷಕನಿಗೆ ವಿಷಯ ಗೊತ್ತಾಗಬೇಕು, ನಿಂತವನಿಗೆ ಗೊತ್ತಾಗಬಾರದು. ವೇಗ ಹೆಚ್ಚಿಸಿದರೆ ವಾಲುವುದು ಕಾಣುವುದೇ ಇಲ್ಲ, ಒಂದು ಹಲಗೆ ಧೊಪ್ಪೆಂದಿತು ಅಷ್ಟೇ. ಒಬ್ಬ ಮನುಷ್ಯ ಪ್ರಾಣ ಪಣಕ್ಕಿಟ್ಟು ನಿಂತ ಕ್ಷಣ ಹಾಗೆ ವ್ಯರ್ಥವಾಗುವುದನ್ನು ನೋಡಲಾಗದು.

ಈಗ ಕಂಪ್ಯೂಟರಿನ ಮುಂದೆ ಮಾಡಬೇಕಾದ ಕೆಲಸ. ವಿಡಿಯೊ ನೋಡುವ ತಂತ್ರಾಂಶವಾದ ವಿಎಲ್‌ಸಿಯಲ್ಲಿ ಚೌಕ ಆವರಣದ ಎಡ ಕೀಲಿಯನ್ನು ([) ಒಂದು ಸಲ ಒತ್ತಿದರೆ ವೇಗ ಹತ್ತನೇ ಒಂದು ಪಾಲು ಇಳಿಯುತ್ತದೆ. 24ರ ಫೈಲಿಗೆ ಒಂದು ಒತ್ತು 21.6 ಫ್ರೇಮಿಗೆ ಸಮ, ಎರಡು ಒತ್ತು 19.2ಕ್ಕೆ, ಮೂರು ಒತ್ತು 16.8ಕ್ಕೆ. ಇಷ್ಟು ಸಾಕು, ಇದಕ್ಕಿಂತ ಸೂಕ್ಷ್ಮ ಕಣ್ಣಿಗೆ ತಿಳಿಯದು. ಆದರೆ ಒತ್ತುವ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು. ಚಿತ್ರವನ್ನು ನಿಲ್ಲಿಸಿ, ಇಂಗ್ಲಿಷಿನ 'ಇ' (E) ಅಕ್ಷರದ ಕೀಲಿಯಿಂದ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಯಾರಾದರೂ ನಡೆಯುತ್ತಿರುವ ಜಾಗವಾಗಿರಲಿ. ಪ್ರತಿ ನಾಲ್ಕನೇ ಫ್ರೇಮ್ ಹಿಂದಿನದರ ಪುನರಾವರ್ತನೆಯಾಗಿದ್ದರೆ, ಹಳೆಯ ಪ್ರತಿಯನ್ನು ಪುನರುಜ್ಜೀವನ ಮಾಡಿದವರು 18ರ ಚಿತ್ರವನ್ನು 24ಕ್ಕೆ ಆಗಲೇ ಹೊಂದಿಸಿದ್ದಾರೆ. ಪ್ರತಿ ಮೂರನೆಯದು ಹಾಗಿದ್ದರೆ 16, ಪ್ರತಿ ಆರನೆಯದು ಹಾಗಿದ್ದರೆ 20. ಅಂಥ ಫೈಲನ್ನು ಮುಟ್ಟಬೇಡಿ. ಸರಿಯಾಗಿದ್ದದ್ದನ್ನು ಮತ್ತೆ ನಿಧಾನ ಮಾಡಿ ಕೆಡಿಸುವುದು ಉತ್ಸಾಹಿಗಳ ಸಾಮಾನ್ಯ ತಪ್ಪು. ಇನ್ನೊಂದು ಎಚ್ಚರಿಕೆ: ಚಾಪ್ಲಿನ್ ಅವರ 1931ರ 'ಸಿಟಿ ಲೈಟ್ಸ್', 1936ರ 'ಮಾಡರ್ನ್ ಟೈಮ್ಸ್' ಮೂಕಿಯಂತೆ ಕಂಡರೂ ಅವಕ್ಕೆ ಅವರೇ ಕೂಡಿಸಿದ ಧ್ವನಿಪಟ್ಟಿ ಇದೆ. ಅವುಗಳ ವೇಗವನ್ನೂ ಮುಟ್ಟಬಾರದು, ಧ್ವನಿಯನ್ನೂ ನಿಲ್ಲಿಸಬಾರದು. ನಮ್ಮ ಬೆಂಗಳೂರಿನಲ್ಲೇ ತೆಗೆದ 1987ರ 'ಪುಷ್ಪಕ ವಿಮಾನ' ಮಾತಿಲ್ಲದ ಚಿತ್ರ, ಮೂಕಿಯಲ್ಲ. ಅದರಲ್ಲಿ ಸದ್ದಿಗೆ ದೊಡ್ಡ ಪಾತ್ರವಿದೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಕಾರ್ಯಕ್ರಮಗಳು ಈ ವ್ಯತ್ಯಾಸವನ್ನು ಎರಡು ಮಾತಿನಲ್ಲಿ ಹೇಳಿದರೆ ಒಳ್ಳೆಯದು.

ಹಳೆಯ ಪ್ರೊಜೆಕ್ಟರ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ನಿಧಾನ ವೇಗದಲ್ಲಿ ತೆರೆ ಮಿಣುಕಿದರೆ ಅದು ಬೆಳಕನ್ನು ತಡೆದು ಬಿಡುವ ಶಟರಿನ ರೆಕ್ಕೆಯ ಲೆಕ್ಕ. ಎರಡು ರೆಕ್ಕೆಯ ಶಟರ್ 24ರಲ್ಲಿ ಸೆಕೆಂಡಿಗೆ 48 ಸಲ ಬೆಳಕು ಬಿಡುತ್ತದೆ, 16ರಲ್ಲಿ ಬರೀ 32, ಅದು ಕಣ್ಣಿಗೆ ಚುಚ್ಚುತ್ತದೆ. ಮೂಕಿಗೆ ಮೂರು ರೆಕ್ಕೆಯದು ಬೇಕು. ಆಗ 16ರಲ್ಲೂ 48 ಸಿಗುತ್ತದೆ.

ಚೌಕಟ್ಟಿನ ವಿಷಯದಲ್ಲಿ ಆಗುವ ಅನ್ಯಾಯ ವೇಗದಷ್ಟೇ ದೊಡ್ಡದು, ಆದರೆ ಸರಿಪಡಿಸುವುದು ಇನ್ನೂ ಸುಲಭ. ಮೂಕಿಯ ಚಿತ್ರ ಅಗಲ 4, ಎತ್ತರ 3ರ ಪ್ರಮಾಣದ್ದು. ಇಂದಿನ ಟಿವಿ, ಪ್ರೊಜೆಕ್ಟರುಗಳು 16ಕ್ಕೆ 9. ಎರಡು ಪಕ್ಕ ಕಪ್ಪು ಪಟ್ಟಿ ಕಂಡರೆ 'ತೆರೆ ತುಂಬಲಿಲ್ಲ' ಎಂದು ಯಾರೋ ರಿಮೋಟ್ ಒತ್ತುತ್ತಾರೆ. ಎಳೆದು ಹಿಗ್ಗಿಸಿದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪವಾಗುತ್ತಾರೆ. ಜೂಮ್ ಮಾಡಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಆ ಕಾಲು ಭಾಗದಲ್ಲಿ ಏನಿತ್ತು? ಹೆಚ್ಚಾಗಿ ಪಾದಗಳು. ಚಾಪ್ಲಿನ್, ಕೀಟನ್ ಇಬ್ಬರೂ ನೆತ್ತಿಯಿಂದ ಬೂಟಿನವರೆಗೆ ಇಡೀ ದೇಹ ಕಾಣುವ ಹಾಗೆ ಕ್ಯಾಮೆರಾ ಇಡಿಸಿಕೊಂಡವರು, ಹಾಸ್ಯ ಮಂಡಿಯಿಂದ ಕೆಳಗೂ ಇರುತ್ತದೆ ಎಂದು ಗೊತ್ತಿದ್ದವರು.

ಹೆರಾಲ್ಡ್ ಲಾಯ್ಡ್ ಅವರ 1923ರ 'ಸೇಫ್ಟಿ ಲಾಸ್ಟ್' ತೆಗೆದುಕೊಳ್ಳಿ. ಬಹುಮಹಡಿ ಕಟ್ಟಡದ ಗಡಿಯಾರದ ಮುಳ್ಳಿಗೆ ಜೋತುಬಿದ್ದ ಆ ಚಿತ್ರ ನೋಡದವರಿಲ್ಲ. ಅದನ್ನು ತೆಗೆದದ್ದು ಹೀಗೆ: ಲಾಸ್ ಏಂಜಲೀಸಿನ ಎತ್ತರದ ಕಟ್ಟಡಗಳ ತಾರಸಿಯ ಅಂಚಿನ ಹತ್ತಿರ ಸುಳ್ಳು ಗೋಡೆ, ಗಡಿಯಾರ ಕಟ್ಟಿದರು. ಕೆಳಗೆ ಹಾಸಿಗೆ ಹಾಕಿದ ಅಟ್ಟಣೆ. ತಾರಸಿ ಕಾಣದ ಹಾಗೆ, ಆದರೆ ಕೆಳಗಿನ ನಿಜವಾದ ರಸ್ತೆ, ಟ್ರಾಮು, ಕಾರುಗಳು ಕಾಣುವ ಹಾಗೆ ಕ್ಯಾಮೆರಾದ ಕೋನ ಹಿಡಿದರು. ಎಂದರೆ ಆ ದೃಶ್ಯದ ಭಯವೆಲ್ಲ ಇರುವುದು ಚೌಕಟ್ಟಿನ ಕೆಳಭಾಗದಲ್ಲಿ. ಜೂಮ್ ಮಾಡಿ ಅದನ್ನು ಕತ್ತರಿಸಿದರೆ ಉಳಿಯುವುದು ಗೋಡೆಗೆ ಅಂಟಿಕೊಂಡ ಒಬ್ಬ ಕನ್ನಡಕದವನು. 1919ರಲ್ಲಿ ನಕಲಿ ಎಂದುಕೊಂಡಿದ್ದ ಬಾಂಬೊಂದು ಕೈಯಲ್ಲೇ ಸಿಡಿದು ಲಾಯ್ಡ್ ಬಲಗೈಯ ಹೆಬ್ಬೆರಳು, ತೋರುಬೆರಳು ಕಳೆದುಕೊಂಡಿದ್ದರು. ಆ ಕೈಗೆ ಕೃತಕ ಬೆರಳಿನ ಕೈಗವಸು ಹಾಕಿಕೊಂಡೇ ಅವರು ಆ ಗೋಡೆ ಹತ್ತಿದ್ದು. ಇಷ್ಟನ್ನು ತಿಳಿದು ನೋಡುವವನಿಗೆ ಇಡೀ ಚೌಕಟ್ಟನ್ನು ಕೊಡಬೇಕಾದದ್ದು ನಮ್ಮ ಕರ್ತವ್ಯ.

ವಿಎಲ್‌ಸಿಯಲ್ಲಿ 'ಎ' (A) ಕೀಲಿ ಒತ್ತುತ್ತಾ ಹೋದರೆ 4:3 ಬರುತ್ತದೆ. ಟಿವಿಯಲ್ಲಾದರೆ ಪಿಕ್ಚರ್ ಸೈಜಿಗೆ ಹೋಗಿ ಜೂಮ್, ವೈಡ್ ತೆಗೆದುಬಿಡಿ. ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಹೊಸ ಟಿವಿಗಳಲ್ಲಿ ತಾನಾಗಿಯೇ ಆನ್ ಆಗಿರುತ್ತದೆ. ಅದು ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ಮೂಕಿಯನ್ನು ಧಾರಾವಾಹಿಯಂತೆ ಮಾಡುತ್ತದೆ, ಅದನ್ನೂ ಆಫ್ ಮಾಡಿ. ಗುರುತು ಸುಲಭ: ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಬರಹದ ಫಲಕ ಬಂದಾಗ ನಾಲ್ಕು ಅಂಚೂ ಕಾಣಬೇಕು, ವೃತ್ತಾಕಾರದ ಗಡಿಯಾರ ವೃತ್ತವಾಗಿಯೇ ಇರಬೇಕು.

ವೇಗ ಇಳಿಸಿದಾಗ ಫೈಲಿನ ಸಂಗೀತವೂ ಎಳೆಯುತ್ತದೆ. ಅಲ್ಲಿಗೆ ಬಹಳ ಜನ ಕೈಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅಡ್ಡಿಯಲ್ಲ, ಅವಕಾಶ. ಧ್ವನಿ ನಿಲ್ಲಿಸಿ, ಎದುರಿಗೆ ವಾದ್ಯ ಕೂರಿಸಿ. ನಮ್ಮ ದೇಶದ ಮೂಕಿ ಮಂದಿರಗಳಲ್ಲಿ ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದರು. ಬೆಂಗಳೂರಿನಲ್ಲಿ ಪ್ರತಿ ಬಡಾವಣೆಯಲ್ಲೂ ಒಂದು ಸಂಗೀತ ಶಾಲೆ ಇದೆ. ಒಂದು ವಯೊಲಿನ್ ಅಥವಾ ಹಾರ್ಮೋನಿಯಂ, ಒಂದು ಮೃದಂಗ, ಒಂದು ಮೋರ್ಸಿಂಗ್ ಸಾಕು. ಓಟಕ್ಕೆ ಕದನಕುತೂಹಲ ರಾಗ ಹೇಳಿ ಮಾಡಿಸಿದಂತಿದೆ, ರಾತ್ರಿಯ ದೃಶ್ಯಕ್ಕೆ ನೀಲಾಂಬರಿ. ಮುಖ್ಯ ಪಾತ್ರಕ್ಕೆ ಒಂದೇ ಒಂದು ಸ್ವರಗುಚ್ಛ ಕಟ್ಟಿ, ಅದನ್ನು ಮೂರು ನಾಲ್ಕು ಸಲ ಮಾತ್ರ ತನ್ನಿ.

ಕಲಾವಿದರು ಮಾಡುವ ತಪ್ಪು ಯಾವಾಗಲೂ ಒಂದೇ, ಅತಿಯಾಗಿ ನುಡಿಸುವುದು. ಬಿದ್ದಾಗೆಲ್ಲ ಪೆಟ್ಟು ಹೊಡೆದರೆ ಐದನೇ ನಿಮಿಷಕ್ಕೆ ಸಭೆ ದಣಿಯುತ್ತದೆ. ಮೇಲೆ ಹೇಳಿದ ಗೋಡೆ ಬೀಳುವಾಗ ಮೃದಂಗ ನಿಲ್ಲಬೇಕು, ಬಿದ್ದ ಮೇಲೆ ಎರಡು ಉಸಿರು ಕಳೆದು ಮತ್ತೆ ಏಳಬೇಕು. ಪೆಟ್ಟು ಕೊಡಲೇಬೇಕಾದಲ್ಲಿ ಅದು ಚಿತ್ರದ ಜತೆಗೇ ಬೀಳಬೇಕು, ಕಾಲು ಸೆಕೆಂಡು ತಡವಾದರೂ ಹಾಸ್ಯ ಸತ್ತಂತೆ. ವಾದ್ಯಕ್ಕೆ ಮೈಕ್ ಹಾಕಿದರೆ ಬ್ಲೂಟೂತ್ ಸ್ಪೀಕರ್ ಬೇಡ, ಅದು ತಡ ಮಾಡುತ್ತದೆ, ತಂತಿಯದೇ ಬಳಸಿ. ತಾಲೀಮಿನ ಟಿಪ್ಪಣಿಯನ್ನು ನಿಮಿಷದ ಲೆಕ್ಕದಲ್ಲಿ ಬರೆದುಕೊಳ್ಳಬೇಡಿ, ಕೊನೇ ಗಳಿಗೆಯಲ್ಲಿ ವೇಗ ಬದಲಾದರೆ ಅದೆಲ್ಲ ಸುಳ್ಳಾಗುತ್ತದೆ. 'ಮೂರನೇ ಫಲಕದ ಮೇಲೆ ಬಾಗಿಲು ತೆರೆದಾಗ' ಎಂಬ ಹಾಗೆ ದೃಶ್ಯದ ಗುರುತಿನಿಂದ ಬರೆಯಿರಿ. ಪ್ರದರ್ಶನದ ವೇಗದಲ್ಲೇ ಕನಿಷ್ಠ ಎರಡು ತಾಲೀಮು ಆಗಲಿ. ಕಲಾವಿದರ ದೀಪದ ಬೆಳಕು ತೆರೆಗೆ ತಾಗದಂತೆ ಮರೆ ಮಾಡಿ.

ಬರಹದ ಫಲಕಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವ ಒಬ್ಬರು ಇದ್ದರೆ ಮಕ್ಕಳಿಗೆ ಬಹಳ ಸಹಾಯ. ಫಲಕ ಬಂದ ಮೇಲೆ ಓದಿ, ಬರುವ ಮುನ್ನ ಬೇಡ. ಹೋಗುವುದರೊಳಗೆ ಮುಗಿಸಿ. ಪುಸ್ತಕದ ಕನ್ನಡ ಬೇಡ, ಮನೆಯಲ್ಲಿ ಆಡುವ ಮಾತು ಸಾಕು. ಅಡಿಬರಹದ ಫೈಲು ಮಾಡುವವರು ಯೂನಿಕೋಡ್‌ನಲ್ಲಿ, ಯುಟಿಎಫ್-8 ಆಗಿ ಉಳಿಸಬೇಕು, ಚಿತ್ರ ಓಡಿಸುವ ತಂತ್ರಾಂಶದಲ್ಲಿ ಕನ್ನಡವಿರುವ ಫಾಂಟ್ ಆರಿಸಬೇಕು. ಇಲ್ಲದಿದ್ದರೆ ಅಕ್ಷರದ ಬದಲು ಬರೀ ಪೆಟ್ಟಿಗೆಗಳು ಬರುತ್ತವೆ.

ಯಾವ ಪ್ರತಿ ಎಂಬುದನ್ನೂ ನೋಡಿಕೊಳ್ಳಿ. 'ದಿ ಗೋಲ್ಡ್ ರಷ್' ಎರಡಿವೆ. 1925ರದ್ದು ಮೂಕಿ. 1942ರದ್ದರಲ್ಲಿ ಚಾಪ್ಲಿನ್ ಫಲಕಗಳನ್ನು ತೆಗೆದು, ತಾವೇ ನಿರೂಪಣೆ ಹೇಳಿ, ಸಂಗೀತ ಕೂಡಿಸಿ, ಕೊನೆಯ ಮುತ್ತನ್ನೂ ಕತ್ತರಿಸಿದರು. 'ದಿ ಕಿಡ್' ಚಿತ್ರವನ್ನೂ 1971ರಲ್ಲಿ ಅವರು ಕುಗ್ಗಿಸಿದರು. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಸಂಗೀತದ ಹಕ್ಕು ಬೇರೆಯೇ, ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ. ಚಾಪ್ಲಿನ್ ತೀರಿಕೊಂಡದ್ದು 1977ರಲ್ಲಿ. ಸಾರ್ವಜನಿಕ ಪ್ರದರ್ಶನಕ್ಕೆ ಮುನ್ನ ಇದನ್ನು ವಿಚಾರಿಸಿಕೊಳ್ಳಿ. ಎದುರಿಗೆ ಸ್ವಂತ ಸಂಗೀತ ನುಡಿಸಲು ಇದೂ ಒಂದು ಕಾರಣ.

ನಮ್ಮವೂ ಇದ್ದವು. 1921ರಲ್ಲೇ ಬಂಗಾಳದಲ್ಲಿ ಧೀರೇಂದ್ರನಾಥ ಗಂಗೂಲಿ ನಟಿಸಿದ 'ಬಿಲಾತ್ ಫೆರತ್' ವಿಲಾಯತಿಯಿಂದ ಮರಳಿದವನನ್ನು ಲೇವಡಿ ಮಾಡಿತು. ಕಾಳಿಪದ ದಾಸರ 1931ರ 'ಜಮಾಯಿ ಬಾಬು', ಹಳ್ಳಿಯ ಅಳಿಯ ಕೋಲ್ಕತ್ತಕ್ಕೆ ಬಂದು ಪಡುವ ಪಾಡು, ಗಾತ್ರದಲ್ಲಿ ಚಿಕ್ಕದಾದರೂ ಅದೃಷ್ಟವಶಾತ್ ಉಳಿದಿದೆ. ಅಮೆರಿಕದಲ್ಲಿ 1912ರಿಂದ 1929ರವರೆಗೆ ಬಂದ ಹನ್ನೊಂದು ಸಾವಿರದಷ್ಟು ಪೂರ್ಣಾವಧಿ ಮೂಕಿಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ 14 ಮಾತ್ರ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ಆಗ ಬಳಸುತ್ತಿದ್ದ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಉರಿದುಹೋಯಿತು, ಕೊಳೆತು ಅಂಟಾಯಿತು, ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. ಇಷ್ಟು ಕಷ್ಟದಿಂದ ಉಳಿದದ್ದನ್ನು ನಾವು ರಿಮೋಟಿನ ಒಂದು ಗುಂಡಿಯಿಂದ ಹಾಳು ಮಾಡಬಾರದು.

ತಮ್ಮ ಪತ್ರಿಕೆಗೂ ಒಂದು ವಿನಂತಿ. 'ನಗರದಲ್ಲಿ ಇಂದು' ಎಂದು ಕಾರ್ಯಕ್ರಮಗಳ ಪಟ್ಟಿ ಹಾಕುವಾಗ, ಮೂಕಿ ಪ್ರದರ್ಶನವಿದ್ದರೆ ಆಯೋಜಕರಿಂದ ಇನ್ನು ನಾಲ್ಕು ವಿವರ ಕೇಳಿ ಪ್ರಕಟಿಸಿ: ಚಿತ್ರದ ವರ್ಷ ಮತ್ತು ಪ್ರತಿ, ತೋರಿಸುವ ವೇಗ, ಒಟ್ಟು ಅವಧಿ, ಸಂಗೀತ ಯಾರದು. ಪತ್ರಿಕೆ ಕೇಳುತ್ತದೆ ಎಂದು ಗೊತ್ತಾದರೆ ಆಯೋಜಕರು ಮೊದಲೇ ನೋಡಿಟ್ಟುಕೊಳ್ಳುತ್ತಾರೆ. ಜಾಗ ಸಾಲದಿದ್ದರೆ ವೇಗವೊಂದನ್ನಾದರೂ ಹಾಕಿ.

ಇಂತಿ ತಮ್ಮ ಓದುಗ,
ಬಸವನಗುಡಿ, ಬೆಂಗಳೂರು